ಶೆಟ್ಟರು ಕಳಿಸಿದ ಎಲೆ

೧೨ ನವೆಂಬರ್ ೧೯೪೩, ಶುಕ್ರವಾರ. ಹೊಸೂರು.

ತಮ್ಮ ತಿಮ್ಮಣ್ಣ ಇವತ್ತೂ ಮೈಯೆಲ್ಲ ಮಸಿ ಮಾಡಿಕೊಂಡು ಬೆಂಗಳೂರಿನಿಂದ ಬಂದ. ನನ್ನ ಯಜಮಾನರು ತೀರಿಕೊಂಡ ಮೇಲೆ ಲಾರಿ ಅವನ ಕೈಗೆ ಬಂದಿದೆ. ಪೆಟ್ರೋಲ್ ಸಿಗದೆ ಇದ್ದಿಲಿನ ಗ್ಯಾಸಿನಲ್ಲಿ ಓಡುವ ಲಾರಿ. ಚಿಕ್ಕಪೇಟೆಯ ಗಲ್ಲಿಯಲ್ಲಿ ಹುಣಸೆಮೂಟೆ ಇಳಿಸುವಷ್ಟರಲ್ಲಿ ಕೆಂಡ ಆರಿಹೋಗುತ್ತದೆ. ಮತ್ತೆ ಹೊತ್ತಿಸುತ್ತ ನಿಂತಾಗ ಅಂಗಡಿಯವರು ಬಂದು ಯಜಮಾನರನ್ನು ವಿಚಾರಿಸುತ್ತಾರೆ.

“ಎಲ್ರಿಗೂ ಹೇಳಿ ಹೇಳಿ ಸಾಕಾಯ್ತಕ್ಕ. ಇವತ್ತು ಆ ಮುದುಕ ಶೆಟ್ರು, ‘ಏನಯ್ಯಾ, ನಿಮ್ಮ ಭಾವ ನಮ್ಮನ್ನ ಮರೆತೇಬುಟ್ರಾ’ ಅಂದ್ರು. ಚೆನ್ನಾಗವ್ರೆ ಅಂದ್ಬುಟ್ಟೆ.”

ಶೆಟ್ಟರು ಯಜಮಾನರಿಗೆಂದು ಒಂದು ಕಟ್ಟು ವೀಳ್ಯದೆಲೆ ಕೊಟ್ಟು ಕಳಿಸಿದ್ದಾರೆ. ತಮ್ಮನನ್ನು ಬೈಯಬೇಕಿತ್ತು, ಬೈಯಲಿಲ್ಲ. ಒಬ್ಬರ ಮನಸ್ಸಿನಲ್ಲಾದರೂ ಅವರು ಚೆನ್ನಾಗಿರಲಿ ಎಂದು ನನಗೂ ಅನ್ನಿಸಿತೇ? ನಾನಂತೂ ಇನ್ನು ಎಲೆ ಹಾಕಿಕೊಳ್ಳುವ ಹಾಗಿಲ್ಲ. ಆದರೂ ಬಾಡದಿರಲೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಯಾರಿಗಾಗಿ ಎಂದು ನನಗೇ ತಿಳಿಯದು.