ಮೂರನೇ ತಿರುವಿನ ಬ್ರೇಕ್

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ 6.20

ಲ್ಯಾಬ್‌ಗೆ ಹೊರಡುವ ಮುಂಚೆ ಕಾರಿಗೆ ಒಂದು ಗಂಟೆ. ಮುಂದಿನ ಎರಡೂ ಕ್ಯಾಲಿಪರ್‌ಗೆ ಬಳಿದ ಕೆಂಪು ಬಣ್ಣ ಒಣಗಿದೆ. ಚಕ್ರದ ಡಿಸ್ಕನ್ನು ಕಚ್ಚಿ ಹಿಡಿಯುವ ದವಡೆ ಅದು — ದಿನವಿಡೀ ಹಲ್ಲಿನ ಸೆಟ್ ಮಾಡುವವನಿಗೆ ಎಲ್ಲವೂ ದವಡೆಯೇ. ಜೋಡಿಸಿ ಬೋಲ್ಟ್ ಬಿಗಿದೆ. ಮೂವತ್ತನಾಲ್ಕು ವರ್ಷದ ಎರಡು ಸೀಟಿನ ಕಾರು. ಇವಳು ಕಾಫಿ ತಂದವಳು ಬಗ್ಗಿ ನೋಡಿ, "ಮುದುಕಿಗೆ ಲಿಪ್‌ಸ್ಟಿಕ್ಕಾ?" ಎಂದಳು.

22ಕ್ಕೆ ರೇಸ್ ಟ್ರ್ಯಾಕ್. ನಮ್ಮಂಥ ಹವ್ಯಾಸಿಗಳನ್ನು ವರ್ಷಕ್ಕೊಮ್ಮೆ ಒಳಗೆ ಬಿಡುತ್ತಾರೆ. ಉಳಿದ ದಿನ ಇದೇ ಕಾರಿನಲ್ಲಿ ಲ್ಯಾಬ್, ಮಾರ್ಕೆಟ್. ಆದ್ದರಿಂದ ಭಾರ ಇಳಿಸುತ್ತೇನೆಂದು ಹಾರ್ನ್ ಬಿಚ್ಚುವಂತಿಲ್ಲ, ಇವಳ ಸೀಟಂತೂ ಮುಟ್ಟುವಂತೆಯೇ ಇಲ್ಲ.

ಬಾಕಿ ಉಳಿದದ್ದು ಬ್ರೇಕ್ ಪೈಪಿನ ಗಾಳಿ ತೆಗೆಯುವುದು. ಅದಕ್ಕೆ ಇಬ್ಬರು ಬೇಕು. ಹೋದ ವರ್ಷದ ತನಕ ಇನ್ನೊಬ್ಬ ಯಾರು ಎಂಬ ಪ್ರಶ್ನೆಯೇ ಇರಲಿಲ್ಲ.

ಮಾರ್ಚ್ 8, ಭಾನುವಾರ

ಇವಳನ್ನೇ ಸ್ಟೇರಿಂಗ್ ಮುಂದೆ ಕೂರಿಸಿದೆ. "ಒತ್ತು" ಎಂದರೆ ಪೆಡಲ್ ತುಳಿಯಬೇಕು. "ಹಿಡಿ" ಎಂದರೆ ಹಾಗೇ ಇಟ್ಟುಕೊಳ್ಳಬೇಕು. ನಾನು ಕ್ಯಾಲಿಪರಿನ ಚಿಕ್ಕ ಸ್ಕ್ರೂ ಸಡಿಲಿಸಿ ಗಾಳಿ ಹೊರಬಿಟ್ಟು ಮತ್ತೆ ಬಿಗಿಯುತ್ತೇನೆ. "ಬಿಡು" ಎಂದರೆ ಕಾಲು ತೆಗೆಯಬೇಕು. ಮೂರೇ ಮಾತಿನ ಕೆಲಸ.

ನಲವತ್ತು ಸಲ ಆಯಿತು. ಪೆಡಲ್ ಇನ್ನೂ ಮೆತ್ತಗೆ. ದಿಂಬು ತುಳಿದ ಹಾಗೆ.

"ನೀನು ಬೇಗ ಕಾಲು ತೆಗೀತಿದ್ದೀಯ."

"ನೀವು ಬಿಡು ಅಂದಾಗಲೇ ತೆಗೀತಿರೋದು! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವತ್ತು ನೆಲ ನಾನು. ಹೋದ ವರ್ಷ ನನ್ನ ತಮ್ಮ ಆಗಿದ್ದ."

ಕಾರಿಳಿದು ಒಳಗೆ ಹೋದಳು.

ಮಾರ್ಚ್ 9, ಸೋಮವಾರ

ಯಾರೂ ಓದದ ಪುಸ್ತಕ ಇದು. ಇಲ್ಲೂ ಸುಳ್ಳು ಬರೆದರೆ ನನ್ನಂಥ ಮೂರ್ಖ ಇಲ್ಲ.

ಹೋದ ವರ್ಷ ಮೂರನೇ ತಿರುವಿನಲ್ಲಿ ಕಾರು ಜಾರಿ ಟೈರುಗಳ ಗೋಡೆಗೆ ಹೊಡೆಯಿತು. ನನಗೆ ಒಂದು ಗೀರೂ ಆಗಲಿಲ್ಲ. ಎಲ್ಲರೂ ಓಡಿಬಂದರು. ಏನಾಯ್ತು, ಏನಾಯ್ತು... ಬಾಯಿಗೆ ಬಂದದ್ದು: "ಬ್ರೇಕ್ ಕೈಕೊಡ್ತು." ಅಲ್ಲಿನ ವರದಿಯಲ್ಲೂ ಹಾಗೇ ಬರೆಸಿದೆ. ಬ್ರೇಕ್ ಮಾಡಿದ್ದವನು ಭಾಮೈದ. ಅವನ ಕಸುಬೇ ಅದು, ಅವನ ಅಂಗಡಿಯೇ ಬ್ರೇಕಿನದು. ಸ್ಕೂಲ್ ವ್ಯಾನುಗಳ ಮಾಲೀಕ, ನಮ್ಮ ಹಾಗೇ ಹಳೇ ಕಾರಿನ ಹುಚ್ಚ, ಅವತ್ತು ಪಕ್ಕದಲ್ಲೇ ನಿಂತಿದ್ದ. ಮರುವಾರವೇ ತನ್ನ ವ್ಯಾನುಗಳನ್ನು ಭಾಮೈದನ ಅಂಗಡಿಯಿಂದ ಬಿಡಿಸಿ ಬೇರೆ ಕಡೆ ರಿಪೇರಿಗೆ ಬಿಟ್ಟ. ಭಾಮೈದ ನಮ್ಮ ಮನೆಗೆ ಬರುವುದು ಬಿಟ್ಟ.

ನಿಜ ಇಷ್ಟು: ಮುಂದಿನ ಕಾರನ್ನು ಹಿಂದೆ ಹಾಕುವ ಉಮೇದಿನಲ್ಲಿ ತಡವಾಗಿ ತುಳಿದೆ. ಬ್ರೇಕ್ ಚೆನ್ನಾಗಿಯೇ ಇತ್ತು.

ಬರೆದೆ. ಮನಸ್ಸೇನೂ ಹಗುರ ಆಗಲಿಲ್ಲ.

ಮಾರ್ಚ್ 15, ಭಾನುವಾರ. ಸಂಜೆ

ಗೇಟಿನಲ್ಲಿ ಭಾಮೈದ! ಇವಳು ನನಗೆ ಹೇಳದೆ ಕರೆಸಿದ್ದಾಳೆ. ಮನೆಯೊಳಗೆ ಬರಲಿಲ್ಲ. ಕುಡಿಯಲು ನೀರೂ ಬೇಡ ಎಂದ. ನೇರ ಗ್ಯಾರೇಜಿಗೆ.

ಅವನು ಚಕ್ರದ ಬಳಿ, ನಾನು ಪೆಡಲಿನ ಮೇಲೆ.

"ಒತ್ತಿ."

"ಹಿಡೀರಿ."

"ಬಿಡಿ."

ಹನ್ನೊಂದು ತಿಂಗಳ ನಂತರ ನಮ್ಮಿಬ್ಬರ ಮಾತುಕತೆ. ಮಾತು ಬಿಟ್ಟಿದ್ದಾನೆ, ಬಹುವಚನ ಬಿಟ್ಟಿಲ್ಲ.

ಆರನೇ ಸಲಕ್ಕೆ ನಿಲ್ಲಿಸಿದ. ಟಾರ್ಚ್ ಬಿಟ್ಟು ಈ ಕಡೆ ನೋಡಿದ, ಆ ಕಡೆ ನೋಡಿದ. "ಭಾವ, ಇಳಿದು ಬನ್ನಿ."

ಎಡಗಡೆಯ ಕ್ಯಾಲಿಪರ್ ಬಲಕ್ಕೆ ಹಾಕಿದ್ದೇನೆ, ಬಲದ್ದು ಎಡಕ್ಕೆ. ಮೇಲಿರಬೇಕಾದ ಸ್ಕ್ರೂ ಕೆಳಗೆ ಬಂದಿದೆ. ಗಾಳಿ ಮೇಲೆ ಆರಾಮಾಗಿ ಕೂತಿದೆ — ನಾವು ಕೆಳಗೆ ಬಾಗಿಲು ತೆಗೆದು ಹೋಗು ಹೋಗು ಎನ್ನುತ್ತಿದ್ದೇವೆ. ಬಣ್ಣದ ಭರದಲ್ಲಿ ಎಡಬಲ ಮರೆತದ್ದು ನಾನು. ಮೇಲಿನ ಹಲ್ಲಿನ ಸೆಟ್ಟನ್ನು ಕೆಳಗೆ ಕೂರಿಸಿದ ಹಾಗೆ. ಪಾಪ, ಇವಳ ಕಾಲು ಬೈದೆ.

ಅವನು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಬಿಚ್ಚಿ, ಅದಲುಬದಲು ಮಾಡಿ, ಮತ್ತೆ ಗಾಳಿ ತೆಗೆದ. ತುಳಿದು ನೋಡಿದೆ. ಕಲ್ಲಿನಂಥ ಪೆಡಲ್.

ಇನ್ನು ತಡೆಯಲಾಗಲಿಲ್ಲ. "ಹೋದ ವರ್ಷಾನೂ... ಬ್ರೇಕ್ ಸರಿಯಾಗೇ ಇತ್ತು ಕಣೋ. ತಪ್ಪು ನಂದು."

ಕೈ ಒರೆಸಿಕೊಳ್ಳುತ್ತಿದ್ದ. "ಗೊತ್ತು ಭಾವ. ಅವತ್ತು ಸಂಜೆನೇ ಹೋಗಿ ಆ ತಿರುವು ನೋಡ್ಕೊಂಡು ಬಂದೆ. ಟೈರಿನ ಕಪ್ಪು ಗೆರೆ ಉದ್ದಕ್ಕೂ ಇತ್ತು. ಬ್ರೇಕ್ ಹಿಡೀದೇ ಇದ್ದಿದ್ರೆ ಗೆರೆ ಎಲ್ಲಿಂದ ಬರುತ್ತೆ?"

"ಮತ್ತೆ ಆಗಲೇ ಯಾಕೆ ಹೇಳಲಿಲ್ಲ?"

"ನಾನ್ಯಾಕೆ ಹೇಳಲಿ? ನೂರು ಜನರ ಮುಂದೆ ಹೇಳಿದ್ದು ನೀವು. ಈಗ ಗ್ಯಾರೇಜಲ್ಲಿ ನನ್ನೊಬ್ಬನಿಗೆ ಹೇಳಿದ್ರೆ ಆ ನೂರು ಜನಕ್ಕೆ ಕೇಳುತ್ತಾ?"

ಸ್ಪ್ಯಾನರ್ ಚೀಲ ಎತ್ತಿಕೊಂಡು ಹೋದ. ನಾಚಿಕೆಯಾಯಿತು. ಈಗಲೂ ಆಗುತ್ತಿದೆ.

ಮಾರ್ಚ್ 18, ಬುಧವಾರ

ಕಾರಿನಲ್ಲೇ ಲ್ಯಾಬ್‌ಗೆ ಹೋಗಿಬಂದೆ. ಸಿಗ್ನಲ್ಲಿನಲ್ಲಿ ಬೆರಳು ತೋರಿಸಿದರೆ ನಿಲ್ಲುವಷ್ಟು ಚೆನ್ನಾಗಿದೆ ಬ್ರೇಕ್. ಖುಷಿಪಡಲಾಗಲಿಲ್ಲ. ಟ್ರ್ಯಾಕಿಗೆ ಹೋಗುವುದೇ ಬೇಡ ಅನ್ನಿಸಿತ್ತು. ಇವಳಿಗೆ ಅದನ್ನೂ ಹೇಳಿಬಿಟ್ಟೆ, ಹೋದ ವರ್ಷದ ಸುಳ್ಳನ್ನೂ.

"ಹೋಗಿ, ಹೇಳಿ ಬನ್ನಿ."

"ಎಲ್ಲರೂ ನಗ್ತಾರೆ ಕಣೇ."

"ನಗಲಿ ಬಿಡಿ. ಹಲ್ಲು ಮಾಡೋರು ನೀವು, ನಗೋದಕ್ಕೆ ಹೆದರಿದ್ರೆ ಹೇಗೆ?"

ಮಾರ್ಚ್ 22, ಭಾನುವಾರ. ಟ್ರ್ಯಾಕ್. ಬೆಳಿಗ್ಗೆ 8.10

ಕಾರಿನ ತಪಾಸಣೆ ಮುಗಿಯಿತು. ಪಾಸ್. ಇವಳು ತಮ್ಮನ ಬೈಕಿನಲ್ಲಿ ಬಂದಳು. ಅವನು ನನ್ನ ಕಡೆ ಬರಲಿಲ್ಲ, ಬೇಲಿಗೆ ಒರಗಿ ನಿಂತಿದ್ದಾನೆ. ವ್ಯಾನುಗಳ ಮಾಲೀಕನೂ ಬಂದಿದ್ದಾನೆ.

8.55

ಮುಗಿಯಿತು. ಮರೆಯುವ ಮುಂಚೆ ಬರೆಯುತ್ತೇನೆ.

ಚಾಲಕರ ಸಭೆ. ಸುರಕ್ಷತೆ ನೋಡಿಕೊಳ್ಳುವವರು ಹೇಳುತ್ತಿದ್ದರು: "ಮೂರನೇ ತಿರುವು ಜೋಪಾನ. ಹೋದ ವರ್ಷ ಒಬ್ಬರಿಗೆ ಅಲ್ಲಿ ಬ್ರೇಕ್ ಕೈಕೊಟ್ಟಿತ್ತು."

ಎದ್ದು ನಿಂತೆ. "ಆ ಕಾರು ನಂದು. ಬ್ರೇಕ್ ನನಗೆ ಕೈಕೊಡಲಿಲ್ಲ. ನಾನು ತಡವಾಗಿ ತುಳಿದೆ. ಆಮೇಲೆ ಬ್ರೇಕ್ ಮಾಡಿಕೊಟ್ಟವನಿಗೆ ನಾನೇ ಕೈಕೊಟ್ಟೆ. ಅವನ ಕೆಲಸದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ದಯವಿಟ್ಟು ವರದಿ ತಿದ್ದಿಕೊಳ್ಳಿ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಸುರಕ್ಷತೆಯವರು ಪೆನ್ನು ತೆಗೆದು ಬರೆದುಕೊಂಡರು. ವ್ಯಾನುಗಳ ಮಾಲೀಕ ಬಗ್ಗಿ ಶೂ ಲೇಸ್ ಕಟ್ಟತೊಡಗಿದ. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದ.

ಬೇಲಿಯ ಕಡೆ ನೋಡುವ ಧೈರ್ಯ ಆಗಲಿಲ್ಲ.

9.25

ಕಾರಿನ ಬಾಗಿಲು ತಟ್ಟಿದ ಸದ್ದು. ಭಾಮೈದ. ಯಾರದೋ ಹೆಲ್ಮೆಟ್ ತಲೆಯ ಮೇಲೆ.

"ಭಾವ, ಆ ಕಡೆ ಸರೀರಿ. ಮೊದಲ ರೌಂಡು ನಾನು. ಎಲ್ಲಿ ತುಳೀಬೇಕು ಅಂತ ತೋರಿಸ್ತೀನಿ."

"ನಿನ್ನ ಹೆಸರು ಕೊಟ್ಟಿಲ್ಲವಲ್ಲೋ."

"ಕೊಟ್ಟಾಗಿದೆ." ಫಾರಂ ತೋರಿಸಿದ. ಎರಡನೇ ಚಾಲಕ — ಅವನ ಹೆಸರು. ತಾರೀಖು ತಿಂಗಳ ಹಿಂದಿನದು. ಅಕ್ಷರ ಇವಳದು!

ಪಕ್ಕದ ಸೀಟಿನಲ್ಲಿ ಕೂತಿದ್ದೇನೆ. ಬೆಲ್ಟ್ ಸಿಕ್ಕಿಸಲು ಬರಲಿಲ್ಲ, ಅವನೇ ಬಗ್ಗಿ ಬಿಗಿದ. ಹೊಟ್ಟೆ ಬಂದಿದೆ ಭಾವ, ಎಂದ. ಕಣ್ಣು ತುಂಬಿಬಂತು, ಹೆಲ್ಮೆಟ್ ಒಳಗೆ ಒರೆಸಿಕೊಳ್ಳಲೂ ಆಗುವುದಿಲ್ಲ. ಸ್ಟಾರ್ಟ್ ಮಾಡಿದ. ಅಕ್ಷರ ಕುಣಿಯುತ್ತಿವೆ. ಹಸಿರು ಬಾವುಟ ಕೈಗೆತ್ತಿಕೊಂಡರು. "ಪುಸ್ತಕ ಮುಚ್ಚಿ ಭಾವ!" ಎನ್ನುತ್ತಿದ್ದಾನೆ. ಇದೊಂದು ಸಾಲು ಬರೆದು