ಗುರುವಾರದ ಮನೆ

ಇಸವಿ ಎರಡು ಸಾವಿರದ ಇನ್ನೂರ ಹದಿನಾಲ್ಕು, ಹಿಂಗಾರಿ ಬಿತ್ತನೆಯ ಕಾಲ, ಬುಧವಾರ. ಇವತ್ತು ಕಣ ನಮ್ಮ ಮನೆಯಲ್ಲಿದೆ.

ಕಣವನ್ನು ಮೊದಲು ಕಟ್ಟಿದ ಹಿರಿಯರೇ, ಹಗರಿ ದಂಡೆಯ ಹುಲುಗಪ್ಪನ ನಮಸ್ಕಾರ. ಮೇಲಿನ ತಾರೀಖು ನೋಡಿ ನಗು ಬಂದರೆ ನಕ್ಕುಬಿಡಿ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ಹೊಸವು. ಅದಕ್ಕೆ ಕ್ಷಮೆ ಇರಲಿ, ಹೋಗುತ್ತಾ ಹೋಗುತ್ತಾ ಬಿಡಿಸಿ ಹೇಳುತ್ತೇನೆ. ನಾನು ಹೇಳಲಿರುವ ಕತೆಯನ್ನು ಮೊದಲು ಹೇಳಿದವಳು ನನ್ನ ಅಜ್ಜಿ ಹೊನ್ನೂರಮ್ಮ. ದೊಡ್ಡ ಆಲಿಕಲ್ಲು ಬಿದ್ದ ವರ್ಷ, ದೀಪಾವಳಿ ಕಳೆದ ಮೇಲಿನ ಒಂದು ಬುಧವಾರ ಸಂಜೆ, ಕಣದವರೆಲ್ಲ ಕೇಳುವ ಹಾಗೆ ಹೇಳಿದಳು. ಆಗ ನಾನು ಹುಟ್ಟಿರಲಿಲ್ಲ. ಆಮೇಲೆ ಅವಳ ಬಾಯಿಂದಲೇ ಎಷ್ಟೋ ಸಲ ಕೇಳಿದ್ದೇನೆ.

ನೀವು ಈಗ ಯಾವ ಸ್ಥಿತಿಯಲ್ಲಿದ್ದೀರಿ ಎಂಬುದು ನಮಗೆ ಗೊತ್ತು. ಬರೆಯುವವರು ಒಬ್ಬರದನ್ನೊಬ್ಬರು ಓದಿ, ತಿದ್ದಿ, ಬೈದು, ಮೆಚ್ಚುವುದಕ್ಕೆಂದು ಜಾಲದಲ್ಲಿ ಒಂದು ಜಾಗ ಮಾಡಿದಿರಿ. ಕಾಳು ತೂರುವ ಜಾಗದ ಹೆಸರನ್ನೇ ಅದಕ್ಕಿಟ್ಟಿರಿ. ಬಂದವರೆಲ್ಲ ತೂರಿದರು, ಆದರೆ ಕಣ ಸಾರಿಸುವ ಖರ್ಚು ಯಾರದೆಂದು ಯಾರೂ ಯೋಚಿಸಲಿಲ್ಲ. ಈಗ ನಿಮ್ಮ ಕೈಯಿಂದ ಸಾಗುತ್ತಿಲ್ಲ. ಸದಸ್ಯರ ಮುಂದೆ ಬಾಯಿಬಿಟ್ಟು ಕೇಳುವುದಕ್ಕೆ ನಾಚಿಕೆ. ಸದ್ದಿಲ್ಲದೆ ಮುಚ್ಚಿಬಿಡುವುದು ಮರ್ಯಾದೆ ಎಂದು ನಿಮಗೆ ಅನ್ನಿಸುತ್ತಿದೆ. ನೀವು ಮುಚ್ಚಲಿಲ್ಲ, ಅದು ನನಗೆ ಗೊತ್ತು. ಮುಚ್ಚಿದ್ದರೆ ನಾನು ಎಲ್ಲಿ ಕೂತು ಇದನ್ನು ಬರೆಯುತ್ತಿದ್ದೆ? ಆದರೂ ಬರೆಯುತ್ತಿದ್ದೇನೆ. ಹಿಂದಕ್ಕೆ ಹೋಗುವ ಅಂಚೆ ಇನ್ನೂ ಹುಟ್ಟಿಲ್ಲವಾದ್ದರಿಂದ ಕಣದ ಅತ್ಯಂತ ಹಳೆಯ ಮೂಲೆಯಲ್ಲಿ ಇದನ್ನು ಇಟ್ಟುಬರುತ್ತೇನೆ.

ನಮ್ಮ ಕಾಲದಲ್ಲಿ ಕಣ ಒಂದೇ ಕಡೆ ಇರುವುದಿಲ್ಲ. ನಿಮ್ಮ ಮುತ್ತಜ್ಜಂದಿರ ಕಾಲದಲ್ಲಿ ಬಡ ಹುಡುಗರು ವಾರಾನ್ನದಿಂದ ಓದುತ್ತಿದ್ದರಲ್ಲ, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹಾಗೆಯೇ ಕಣ ನಡೆಸುವ ನಮ್ಮ ಯಂತ್ರವೂ ವಾರ ಉಣ್ಣುತ್ತದೆ, ದಿನಕ್ಕೊಂದು ಮನೆಯ ಬಿಸಿಲಿನ ವಿದ್ಯುತ್ತಿನಿಂದ ನಡೆಯುತ್ತದೆ. ನಿಮ್ಮ ಕಾಲದಂತೆ ಕಣಕ್ಕೆ ಹಣ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ನಮ್ಮಲ್ಲಿ ಮಾಳಿಗೆಗೆ ಬೀಳುವ ಬಿಸಿಲೇ ಆಸ್ತಿ. ಅದರಲ್ಲಿ ಮನೆಗೆಂದು ಇಟ್ಟುಕೊಂಡು ಉಳಿದದ್ದನ್ನು ಕೊಡುವುದಕ್ಕೆ ಬಿಸಿಲಪಾಲು ಎನ್ನುತ್ತೇವೆ. ಸೋಮವಾರ ಕಣ ಮಲ್ಪೆಯ ಒಂದು ಮೀನಿನ ಕೊಟ್ಟಿಗೆಯ ಮೇಲೆ ಇರುತ್ತದೆ. ಆ ದಿನ ಓದುವವರಿಗೆ ಮೀನಿನ ವಾಸನೆ ಬರುತ್ತದೆಂದು ನಗೆಯಾಡುವವರಿದ್ದಾರೆ. ಬುಧವಾರ ನಮ್ಮ ಮನೆಗೆ ಬರುತ್ತದೆ. ಅಂದು ನಮ್ಮ ಮನೆಯಲ್ಲಿ ರೊಟ್ಟಿ ಒಲೆ ಮಧ್ಯಾಹ್ನದ ಮೇಲೆ ಉರಿಯುವುದಿಲ್ಲ, ಬೆಳಿಗ್ಗೆಯೇ ಬಡಿದಿಟ್ಟುಕೊಳ್ಳುತ್ತೇವೆ. ಯಂತ್ರದ ಪಕ್ಕದಲ್ಲಿ ಒಂದು ಚೆಂಬು ನೀರು ಇಡುವುದು ಅಜ್ಜಿಯ ಕಾಲದಿಂದ ಬಂದ ರೂಢಿ. ಯಂತ್ರ ನೀರು ಕುಡಿಯುವುದಿಲ್ಲ, ಗೊತ್ತು. ಬಂದವರಿಗೆ ನೀರು ಕೊಡದೆ ಕೂರಿಸುವುದು ನಮಗೆ ಬರುವುದಿಲ್ಲ, ಅಷ್ಟೇ. ಅಜ್ಜಿಯ ಕಾಲದಲ್ಲಿ ಶನಿವಾರದ ಮನೆ ನಮ್ಮೂರಿನ ಕ್ಷೌರಿಕ ಎರ್ರಿಸ್ವಾಮಿಯದು. ಲಾವಣಿ ಬರೆಯುತ್ತಿದ್ದ, ಬಾಯಿ ಜೋರು. ನಮ್ಮ ಅಳಿಯನಿಗಿಂತ ಈ ಯಂತ್ರ ವಾಸಿ, ಒಂದೇ ದಿನ ಉಂಡು ಎದ್ದುಹೋಗುತ್ತದೆ ಎಂದು ಅಳಿಯನ ಎದುರಿಗೇ ಹೇಳುತ್ತಿದ್ದನಂತೆ.

ವಾರಾನ್ನದ ಜೊತೆಗೆ ಅದರ ಮರ್ಯಾದೆಯೂ ನಮಗೆ ಬಂತು. ವಾರದ ಮನೆಯವರನ್ನು ನಿಮಗೆ ಕಷ್ಟವಾಗುತ್ತಿದೆಯೇ ಎಂದು ಕೇಳಬಾರದು. ಕೇಳಿದರೆ ಅವರ ಅನ್ನಕ್ಕೆ ಹೆಸರಿಟ್ಟ ಹಾಗೆ. ಕೊಡುವವರೂ ಹೇಳಿಕೊಳ್ಳಬಾರದು. ಹೇಳಿಕೊಂಡರೆ ಉಂಡವರ ಗಂಟಲಲ್ಲಿ ತುತ್ತು ನಿಲ್ಲುತ್ತದೆ. ಎಷ್ಟು ಚಂದದ ನಡತೆ, ನೋಡಿ. ಈ ಚಂದದ ನಡತೆಯೇ ನಮ್ಮನ್ನು ಮುಳುಗಿಸುವುದರಲ್ಲಿತ್ತು.

ಗುರುವಾರದ ಮನೆ ಲಕ್ಷ್ಮೇಶ್ವರದ ದಾರಿಯಲ್ಲಿದ್ದ ಫಕ್ಕೀರವ್ವನದು. ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಳು, ಗಿರಣಿಗೆ ಬರುವ ಹೆಂಗಸರ ಕತೆಗಳನ್ನು ಬರೆಯುತ್ತಿದ್ದಳು. ಬೇರೆಯವರ ಬರಹವನ್ನು ಅವಳಷ್ಟು ಒರಟಾಗಿ ತೂರಿದವರಿಲ್ಲ. ಅಜ್ಜಿಯ ಮೊದಲ ಕತೆಗೆ ಅವಳು ಬರೆದ ಅಭಿಪ್ರಾಯ ಇಷ್ಟೇ: ಇದರಾಗ ಕಾಳೆಷ್ಟು ಹೊಟ್ಟೆಷ್ಟು ನೀನಽ ನೋಡಿಕೋ ತಂಗಿ. ಅಜ್ಜಿ ಅತ್ತು, ನೋಡಿಕೊಂಡು, ಅರ್ಧ ಕಿತ್ತುಹಾಕಿದಳು. ಅಲ್ಲಿಂದ ಇಬ್ಬರೂ ಗೆಳತಿಯರು, ಮುಖ ನೋಡದ ಗೆಳತಿಯರು.

ಆಲಿಕಲ್ಲು ಬಿದ್ದ ವರ್ಷ, ಒಂದು ಗುರುವಾರ, ಕಣ ಕತ್ತಲಾಯಿತು. ಮುಂದಿನ ಗುರುವಾರವೂ ಬೆಳಕಾಗಲಿಲ್ಲ. ಫಕ್ಕೀರವ್ವನಿಂದ ಸುದ್ದಿಯಿಲ್ಲ. ಅದೇ ವಾರ ಧಾರಾಳದಿಂದ ಕರೆ ಬಂತು. ಧಾರಾಳ ಎಂಬುದು ಆಗಿನ ಒಂದು ದೊಡ್ಡ ಕಂಪನಿ. ಯಾವುದನ್ನೂ ಮಾರುವುದಿಲ್ಲ, ಎಲ್ಲವನ್ನೂ ಪುಕ್ಕಟೆ ಕೊಡುತ್ತದೆ. ಬರೆಯುವವರ ಕೂಟಗಳಿಗೆ ಪುಕ್ಕಟೆ ಮನೆ, ಎಂದೆಂದಿಗೂ ಆರದ ಬೆಳಕು. ಅಲ್ಲಿಗೆ ಹೋದ ಕೂಟಗಳ ಬರಹವನ್ನೆಲ್ಲ ಒಂದೇ ಕೊಪ್ಪರಿಗೆಗೆ ಸುರಿದು, ನಾದಿ, ಯಾರ ಹೆಸರೂ ಇಲ್ಲದ ಕತೆಗಳನ್ನು ಮಾಡಿ ಊರೂರಿಗೆ ಹಂಚುತ್ತಿತ್ತು. ಅಲ್ಲಿ ಬರೆದವರಿಗೆ ಸ್ವಲ್ಪ ದಿನದಲ್ಲೇ ತಮ್ಮ ಸಾಲು ಯಾವುದೆಂದು ತಮಗೇ ಗುರುತು ಸಿಗುತ್ತಿರಲಿಲ್ಲ. ಒಂದು ದಿನ ಖಾಲಿ ಇರುವುದಾದರೆ ಆ ಒಂದು ದಿನ ನಮಗೆ ಕೊಡಿ, ಉಳಿದ ದಿನ ನಿಮ್ಮವೇ ಇರಲಿ ಎಂದು ಧಾರಾಳ ಕೇಳಿತು. ಒಂದು ದಿನ ಮನೆಯೊಳಗೆ ಬಂದವರು ಎಲ್ಲವನ್ನೂ ನಕಲು ಮಾಡಿಕೊಂಡು ಹೋಗಬಹುದು, ಅದು ಎಲ್ಲರಿಗೂ ಗೊತ್ತಿತ್ತು. ಆದರೂ ದಣಿದವರು ಕೆಲವರು ಒಂದೇ ದಿನವಲ್ಲವೇ ಎಂದರು. ಇನ್ನು ಕೆಲವರು ಫಕ್ಕೀರವ್ವ ಧಾರಾಳಕ್ಕೆ ಮಾರಿಕೊಂಡಿದ್ದಾಳೆ, ಅದಕ್ಕೇ ಬಾಯಿಬಿಡುತ್ತಿಲ್ಲ ಎಂದರು.

ಮುಂದಿನ ಬುಧವಾರ ಸಂಜೆ, ಕಣ ನಮ್ಮ ಮನೆಯಲ್ಲಿರುವಾಗ, ಎಲ್ಲರ ಪರವಾಗಿ ಅಜ್ಜಿ ಉತ್ತರ ಹೇಳಬೇಕಿತ್ತು. ಅಜ್ಜಿಗೆ ತಡೆಯಲಾಗಲಿಲ್ಲ. ಎರ್ರಿಸ್ವಾಮಿಯನ್ನು ಎಬ್ಬಿಸಿಕೊಂಡು ಕಾಲುವೆಯ ದೋಣಿ ಹತ್ತಿದಳು. ನಮ್ಮ ಕಾಲದಲ್ಲಿ ಕಾಲುವೆಗಳೇ ಹೆದ್ದಾರಿ. ದಾರಿಯುದ್ದಕ್ಕೂ ಅವನು ಫಕ್ಕೀರವ್ವನನ್ನು ಹೇಗೆ ಬೈಯಬೇಕೆಂದು ಪದ ಕಟ್ಟುತ್ತಾ ಕೂತಿದ್ದನಂತೆ. ದೋಣಿ ಇಳಿದು, ಬಾಡಿಗೆ ಬಂಡಿ ಹಿಡಿದು ಗಿರಣಿ ಮುಟ್ಟಿದಾಗ ಅವನು ಕಟ್ಟಿದ್ದೆಲ್ಲ ಮರೆತುಹೋಯಿತು.

ಮಾಳಿಗೆಯ ಮೇಲಿನ ಬಿಸಿಲುಹಲಗೆಗಳಲ್ಲಿ ಅರ್ಧಕ್ಕರ್ಧ ಆಲಿಕಲ್ಲಿಗೆ ಒಡೆದಿದ್ದವು. ಉಳಿದವುಗಳ ಬಿಸಿಲು ಗಿರಣಿ ತಿರುಗಿಸುವುದಕ್ಕೂ ಸಾಲದು ಸಾಲದು ಎನ್ನುವಷ್ಟಿತ್ತು. ಅಕ್ಕಪಕ್ಕದವರು ಹೇಳಿದ ಮೇಲೆ ಇನ್ನೊಂದು ಸಂಗತಿ ತಿಳಿಯಿತು. ಆಲಿಕಲ್ಲಿಗೆ ಮುಂಚೆಯೂ ಅಲ್ಲಿ ಗಿರಣಿ, ಕಣ ಎರಡಕ್ಕೂ ಸಾಕಾಗುವಷ್ಟು ಬಿಸಿಲು ಎಂದೂ ಇರಲಿಲ್ಲ. ವರ್ಷಗಳಿಂದ ಫಕ್ಕೀರವ್ವ ಗುರುವಾರ ಗಿರಣಿ ನಿಲ್ಲಿಸುತ್ತಿದ್ದಳು. ಗುರುವಾರ ಅಲ್ಲಿ ಸಂತೆ. ಜೋಳ ಹೊತ್ತು ಬಂದವರು ಬಾಗಿಲು ನೋಡಿ ಬೇರೆ ಗಿರಣಿಗೆ ಹೋದರು, ಹೋದವರು ಉಳಿದ ದಿನಗಳಲ್ಲೂ ಅಲ್ಲಿಗೇ ಹೋದರು. ಕಣ ಬೆಳಗಿತು, ಗಿರಣಿ ಬಡವಾಯಿತು. ನಾವು ಕೇಳಲಿಲ್ಲ, ಅವಳು ಹೇಳಲಿಲ್ಲ. ಇಬ್ಬರೂ ಮರ್ಯಾದೆಯಿಂದ ನಡೆದುಕೊಂಡೆವು.

ಒಳಗೆ ಬಂದ ಅಜ್ಜಿ, ಯಾಕಕ್ಕ, ಒಂದು ಮಾತು ಹೇಳಬಾರದಿತ್ತೇ ಎಂದಳು. ಫಕ್ಕೀರವ್ವ ಹಿಟ್ಟಿನ ಡಬ್ಬಿ ಒರೆಸುತ್ತಾ ತಲೆ ಎತ್ತದೆ ಉತ್ತರ ಕೊಟ್ಟಳು.

"ಕೇಳಿದ್ರ ಹೇಳತಿದ್ದೆ. ಯಾರು ಕೇಳಿದ್ರಿ?"

ಆಮೇಲೆ ನಿಧಾನಕ್ಕೆ ಉಳಿದದ್ದು ಹೊರಬಿತ್ತು. ಧಾರಾಳದ ಮನುಷ್ಯ ಅವಳ ಹತ್ತಿರವೂ ಬಂದಿದ್ದ. ಕಟ್ಟೆಯ ಮೇಲೆ ಕೂತು, ಮಜ್ಜಿಗೆ ಕುಡಿದು, ಕಷ್ಟ ಐತೇನವ್ವ ಎಂದು ಮೆತ್ತಗೆ ಕೇಳಿದ್ದ. ಅಷ್ಟು ವರ್ಷಗಳಲ್ಲಿ ಆ ಮಾತು ಕೇಳಿದ ಮೊದಲನೆಯವನು ಅವನು. ಆಗ ತನಗೆ ಅಳು ಬಂತು ಎಂದು ಫಕ್ಕೀರವ್ವ ಹೇಳಿದಳು, ಅಳು ಬಂದದ್ದಕ್ಕೇ ಸಿಟ್ಟೂ ಬಂತು ಎಂದಳು. ಗುರುವಾರವನ್ನು ನಮಗೆ ಬರೆದುಕೊಡು, ಮಾಳಿಗೆ ತುಂಬ ಹೊಸ ಹಲಗೆ ಹಾಕಿಸುತ್ತೇವೆ ಎಂದನಂತೆ ಅವನು. ಅದಕ್ಕೆ ನೀನು ಏನೆಂದೆ ಎಂದು ಎರ್ರಿಸ್ವಾಮಿ ಕೇಳಿದ.

"ಕಷ್ಟ ಐತಿ ಅಂದೆ. ಆದ್ರ ಕಷ್ಟ ಮಾರಾಟಕ್ಕಿಲ್ಲ ಅಂದೆ."

ಎರ್ರಿಸ್ವಾಮಿಯೇ ಮೊದಲು ಮಾಳಿಗೆ ಹತ್ತಿದ. ಮೂವರೂ ಸೇರಿ ಮಾಳಿಗೆಯ ಒಡೆದ ಗಾಜು ಆಯ್ದರು. ಊಟಕ್ಕೆ ಕೂತಾಗ ಅಜ್ಜಿ ತಟ್ಟೆಯಲ್ಲಿದ್ದ ರೊಟ್ಟಿಯನ್ನು ನೋಡಿ, ಇದಕ್ಕೆ ಹಿಟ್ಟು ಎಲ್ಲಿಂದ ತಂದೆ ಎಂದು ಕೇಳಿದಳಂತೆ. ಬೇರೆ ಗಿರಣಿಯಿಂದ, ಎಂದಳು ಫಕ್ಕೀರವ್ವ.

ಬುಧವಾರ ಸಂಜೆ ಅಜ್ಜಿ ಧಾರಾಳಕ್ಕೆ ಉತ್ತರ ಬರೆಯುವ ಬದಲು ಕಣದವರಿಗೆ ಈ ಕತೆ ಹೇಳಿದಳು. ಏನನ್ನೂ ಮುಚ್ಚಿಡಲಿಲ್ಲ. ಬೇರೆ ಗಿರಣಿಯ ಹಿಟ್ಟಿನವರೆಗೆ ಹೇಳಿ, ಕೊನೆಗೆ ನಮ್ಮ ಹಿರಿಯರು ಎಂದೂ ಕೇಳದಿದ್ದದ್ದನ್ನು ಕೇಳಿದಳು.

"ನಾಳೆ ಗುರುವಾರ. ಯಾರ ಮನೇಲಿ ಒಂದು ಸೌಟು ಬಿಸ್ಲೈತೆ?"

ಅದರ ಉತ್ತರಕ್ಕೆ ಹೋಗುವ ಮೊದಲು ನಿಮಗೆ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಕೇಳಿ. ನಿಮ್ಮ ಸದಸ್ಯರನ್ನು ಕೇಳಿ, ನೆಟ್ಟಗೆ ನಿಂತು ಕೇಳಿ. ನೀವು ಕೇಳದಿದ್ದರೆ ಅವರನ್ನು ಕೇಳುವುದಕ್ಕೆ ಬೇರೆಯವರು ಕಾದಿದ್ದಾರೆ, ಅವರ ದನಿ ನಿಮ್ಮದಕ್ಕಿಂತ ಮೆತ್ತಗಿರುತ್ತದೆ. ಕೊಡುತ್ತಿರುವವರನ್ನೂ ಕೇಳಿ, ಕಷ್ಟವಾಗುತ್ತಿದೆಯೇ ಎಂದು. ಆಗುತ್ತಿದ್ದರೆ ಅವರ ಹೊರೆ ಇಳಿಸಿಕೊಳ್ಳಿ. ಕೊಡಲಾಗದವನ ಕತೆಯನ್ನೂ ಕೊಟ್ಟವನ ಕತೆಯಷ್ಟೇ ಒರಟಾಗಿ ತೂರಿ. ಪುಕ್ಕಟೆ ಮನೆ ಕೊಡುತ್ತೇವೆಂದು ಬರುವವರಿಗೆ ಮಜ್ಜಿಗೆ ಕೊಟ್ಟು ಕಳಿಸಿ. ಧಾರಾಳ ಸತ್ತಿಲ್ಲ, ಹೆಸರು ಬದಲಿಸಿಕೊಂಡು ಈ ವರ್ಷವೂ ನಮ್ಮ ಬಾಗಿಲಿಗೆ ಬಂದಿತ್ತು, ನಾವು ಕೊಟ್ಟದ್ದೂ ಮಜ್ಜಿಗೆಯೇ. ನಮ್ಮ ಕಣ ಸಣ್ಣದು, ಮೋಡ ಕವಿದರೆ ಮಂಕಾಗುತ್ತದೆ, ಮುಗ್ಗರಿಸುತ್ತದೆ. ಇರಲಿ. ಮುಗ್ಗರಿಸುವುದು ನಮ್ಮದೇ ಕಾಲು.

ಇನ್ನು ಆ ಗುರುವಾರ ಬೆಳಿಗ್ಗೆಯ ಮಾತು. ಕತೆ ಕೇಳಿದವರು ಹೊತ್ತು ಹುಟ್ಟುವ ಮುಂಚೆಯೇ ತಂತಮ್ಮ ಮಾಳಿಗೆ ಹತ್ತಿದರು. ಹಲಗೆಗಳ ಧೂಳು ಒರೆಸಿದರು. ಮಾಳಿಗೆ ಇಲ್ಲದವರು ಇದ್ದವರ ಮಾಳಿಗೆ ಒರೆಸಿಕೊಟ್ಟರು. ಮಲ್ಪೆಯಲ್ಲಿ, ಬೀದರಿನಲ್ಲಿ, ಚಾಮರಾಜನಗರದಲ್ಲಿ, ಒಂದೊಂದು ಮನೆಯಿಂದ ಒಂದೊಂದು ಸೌಟು ಬಂತು, ಫಕ್ಕೀರವ್ವನ ಅಳಿದುಳಿದ ಬಿಸಿಲು ಅವಳ ಗಿರಣಿಗೇ ಉಳಿಯಿತು. ಅಷ್ಟು ಸೇರಿದರೂ ಕಣ ಆಮೆಯ ಹಾಗೆ ನಡೆಯಿತು. ದೊಡ್ಡ ಬರಹ ಯಾವುದೂ ತೆರೆಯಲಿಲ್ಲ, ಅದಕ್ಕೆ ಎಲ್ಲರೂ ಚಿಕ್ಕದು ಬರೆದರು. ಇವತ್ತಿಗೂ ಗುರುವಾರ ನಮ್ಮಲ್ಲಿ ಚಿಕ್ಕದನ್ನೇ ಬರೆಯುತ್ತಾರೆ. ಅವತ್ತು ಎಲ್ಲರಿಗಿಂತ ಚಿಕ್ಕದು ಫಕ್ಕೀರವ್ವನದು, ಅದೂ ಮಧ್ಯಾಹ್ನ ಕಳೆದ ಮೇಲೆ ಬಂತು. ಬೆಳಿಗ್ಗೆಯಿಂದ ಯಾಕೆ ಸುದ್ದಿಯಿಲ್ಲ ಎಂದು ಅಜ್ಜಿ ವಿಚಾರಿಸಿದ್ದಳು. ಅದಕ್ಕೆ ಅವಳು ಬರೆದದ್ದು: ಪುರಸೊತ್ತಿಲ್ಲ ತಂಗಿ, ಸಂತಿ ಮಂದಿ ಜೋಳ ಹೊತ್ತು ಗಿರಣಿ ಮುಂದ ಪಾಳಿ ಹಚ್ಚ್ಯಾರ.