ಅಳಿಯ ಕೊಟ್ಟ ಕಡಗ

ಕೊಂಢವಾ, ಪುಣೆ
೧೩ ಜನವರಿ ೨೦೨೫, ಭೋಗಿ

ಚಿರಂಜೀವಿ ಅನುಜಾಳಿಗೆ ಅವ್ವನ ಆಶೀರ್ವಾದಗಳು.

ಹೆಸರಿನ ಹಿಂದೆ ‘ಸೌಭಾಗ್ಯವತಿ’ ಎಂದು ಬರೆಯಲು ಪೆನ್ನು ತಾನಾಗಿ ಹೋಯಿತು, ತಡೆದೆ. ನಿನಗೆ ಹೇಗೆ ಬೇಕೋ ಹೇಳು, ಮುಂದಿನ ಸಲ ಹಾಗೆ ಬರೆಯುತ್ತೇನೆ. ನೀನು ಫೋನು ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಮೇಲಿನ ಮನೆಯ ಸುಲಭಾ ನಾಡಿದ್ದು ತಳೇಗಾಂವಕ್ಕೆ ಕೆಲಸಕ್ಕೆ ಬರುವಾಗ ಕುಸುರೆಳ್ಳಿನ ಡಬ್ಬಿಯ ಜೊತೆ ಕಳಿಸುತ್ತೇನೆ. ಈ ಊರಿನವರು ಎಳ್ಳು ಕೊಟ್ಟು ಸಿಹಿಯಾಗಿ ಮಾತಾಡು ಅನ್ನುತ್ತಾರೆ. ನಾನು ಹಾಗೆ ಕೇಳುವುದಿಲ್ಲ. ಬೈಯಬೇಕೆನಿಸಿದರೆ ಬೈ, ಎಳ್ಳು ಮಾತ್ರ ತಿನ್ನು.

ಮೊನ್ನೆ ಫೋನಿನಲ್ಲಿ ನೀನು, ‘ಅವ್ವಾ, ನನ್ನ ಆಟಾ ನೀ ಆಡ್ಲಿಕ್ಕತ್ತೀಯೇನು?’ ಎಂದು ಕೇಳಿದೆ. ‘ಇಲ್ಲವ್ವಾ, ನನಗೆಲ್ಲಿ ಬರ್ತದ ಅದು’ ಎಂದೆ. ಸುಳ್ಳು. ಹೇಳುವಾಗ ಆಟದ ರಿಮೋಟು ನನ್ನ ಮಡಿಲಲ್ಲೇ ಇತ್ತು.

ಶುರುವಾದದ್ದು ನಿನ್ನಿಂದಲೇ, ಅಷ್ಟು ಮಾತ್ರ ನಿನ್ನ ಮೇಲೆ ಹಾಕುತ್ತೇನೆ. ನನ್ನ ಮಣಿಕಟ್ಟಿನ ಪ್ಲಾಸ್ಟರ್ ತೆಗೆದ ಮೇಲೆ ಬೆರಳು ಮಡಚಲು ಬರುತ್ತಿರಲಿಲ್ಲ. ನೀನು ತಳೇಗಾಂವದ ಕೋಣೆಗೆ ಹೋಗುವ ಮುಂಚೆ ನಿನ್ನ ಆಟದ ಪೆಟ್ಟಿಗೆಯನ್ನು ನಮ್ಮ ಟಿವಿಗೆ ಜೋಡಿಸಿ, ಇದನ್ನ ಒತ್ತುತ್ತಾ ಕೂಡು, ಕೈ ಸಡಿಲ ಆಗ್ತದ ಎಂದೆ. ಸಂಜೆ ನಿಮ್ಮಪ್ಪ ವಾಕಿಂಗಿಗೆ ಹೋದರೆ ಮನೆಯಲ್ಲಿ ಯಾರೂ ಇರುವುದಿಲ್ಲ. ಒತ್ತುತ್ತಾ ಕೂತೆ. ಚೂರಿ ಹಿಡಿದ ನಿನ್ನ ಆಟದ ಹುಡುಗಿ ರಾಕ್ಷಸರ ಕೈಯಲ್ಲಿ ಸಾಯುತ್ತಲೇ ಇದ್ದಳು. ನನಗೆ ಹಟ ಹತ್ತಿತು.

ಹೊಡೆದಾಟಕ್ಕಿಂತ ಸಾಮಾನು ಆರಿಸುವುದು ನನಗೆ ಹಿಡಿಸಿತು. ಯಾವ ಕವಚ, ಯಾವ ಕತ್ತಿ, ಯಾವುದನ್ನು ಕರಗಿಸಿ ಯಾವುದಕ್ಕೆ ಹಾಕಿದರೆ ಅದು ಗಟ್ಟಿಯಾಗುತ್ತದೆ, ಎಲ್ಲ ಬಂತು. ಹೊರೆ ಹೆಚ್ಚಾದರೆ ಅವಳು ಉರುಳಿ ತಪ್ಪಿಸಿಕೊಳ್ಳಲಾರಳು, ಕಡಿಮೆಯಾದರೆ ಒಂದೇ ಏಟಿಗೆ ಬೀಳುತ್ತಾಳೆ. ಧಾರವಾಡಕ್ಕೆ ಹೋಗುವಾಗೆಲ್ಲ ಇಡೀ ಮನೆಯ ಬಟ್ಟೆಯನ್ನು ಎರಡು ಬ್ಯಾಗಿನಲ್ಲಿ ತುಂಬಿದವಳು ನಾನು, ಇದೇನು ಮಹಾ. ನಿನ್ನ ಎರಡು ಸಣ್ಣ ಚೂರಿ, ತೆಳು ಅಂಗಿ ನೋಡಿ, ಈ ಹುಡುಗಿಗೆ ಜೀವದ ಮೇಲೆ ಆಸೆಯೇ ಇಲ್ಲವೇ ಎಂದು ಬೈದುಕೊಂಡೆ.

ಒಂದು ಸಂಜೆ ನಮ್ಮ ಅಳಿಯ ಪ್ರಣವ ತನ್ನ ಮನೆಯಿಂದಲೇ ಆಟದೊಳಗೆ ಬಂದ. ಪರದೆಯ ಮೂಲೆಯಲ್ಲಿ ‘ಬಂದಿಯಾ?’ ಎಂದು ಅಕ್ಷರ ಮೂಡಿತು. ನಾನು ನೀನಲ್ಲ ಎಂದು ಬರೆಯಬೇಕಿತ್ತು. ‘ಹೂಂ’ ಎಂದು ಬರೆದೆ. ಯಾಕೆ ಎಂದು ಕೇಳಬೇಡ. ನೀನು ಪಿಂಪ್ರಿಯ ಗಂಡನ ಮನೆ ಬಿಟ್ಟು ಬಂದಾಗಿನಿಂದ ನಾನು ದೇವರಿಗೆ ಏನು ಕೇಳಿಕೊಳ್ಳುತ್ತಿದ್ದೆ ಎಂಬುದು ನಿನಗೆ ಗೊತ್ತಿದೆ. ನಿಮ್ಮಿಬ್ಬರನ್ನು ಮತ್ತೆ ಕೂಡಿಸಲು ಇದೇ ದಾರಿ ಇರಬಹುದೆಂದುಕೊಂಡೆ.

ಅವನು ಮೊದಲ ದಿನವೇ ಒಂದು ನೀಲಿ ಕಡಗ ಕೊಟ್ಟು, ಹಾಕಿಕೋ ಎಂದ. ಹಾಕಿಕೊಂಡೆ. ಮರುದಿನ ಕವಚ, ಆಮೇಲೆ ಬೂಟು. ಏನು ಕೊಟ್ಟರೂ ತೊಟ್ಟೆ. ನಿಮ್ಮಪ್ಪ ಆರಿಸಿ ತಂದ ಸೀರೆಯನ್ನು ಇಷ್ಟು ವರ್ಷ ಬಣ್ಣ ಸೇರದಿದ್ದರೂ ಉಟ್ಟವಳಿಗೆ ಅದರಲ್ಲಿ ತಪ್ಪು ಕಾಣಲಿಲ್ಲ. ನಾವು ಗೆಲ್ಲುತ್ತಿದ್ದೆವು. ಅವನು ಹೊಗಳುತ್ತಿದ್ದ. ಅಳಿಯ ಎಷ್ಟು ಜೋಪಾನ ಮಾಡುತ್ತಾನೆ, ನಮ್ಮ ಹುಡುಗಿಗೇ ತಿಳಿಯಲಿಲ್ಲ ಎಂದು ನಿನ್ನ ಮೇಲೇ ಸಿಟ್ಟಾದೆ.

ನೀನು ಪಿಂಪ್ರಿಯಿಂದ ಬಂದ ದಿನ ಊಟಕ್ಕೆ ಕೂತು, ‘ಅವ್ವಾ, ಆಟದಾಗೂ ನಾ ಏನು ತೊಡಬೇಕು ಅಂತ ಅವನ ಹೇಳ್ತಾನ’ ಎಂದಿದ್ದೆ. ನಾನು ನಕ್ಕುಬಿಟ್ಟೆ. ಇಷ್ಟಕ್ಕೆ ಯಾರಾದರೂ ಗಂಡನ್ನ ಬಿಡ್ತಾರೇನು ಎಂದೆ. ನೀನು ತಟ್ಟೆ ಸರಿಸಿ ಎದ್ದೆ. ಆಮೇಲೆ ಆ ಮಾತನ್ನು ನನ್ನೆದುರು ಮತ್ತೆ ಆಡಲಿಲ್ಲ.

ಹೋದ ವಾರ ನನಗೊಂದು ಒಳ್ಳೆಯ ಗುರಾಣಿ ಸಿಕ್ಕಿತು. ಮೂರು ಸಂಜೆ ಕೂತು ಗಟ್ಟಿ ಮಾಡಿ, ತೂಕ ಹೊಂದಿಸಲು ಅವನು ಕೊಟ್ಟ ಬೂಟು ಬಿಚ್ಚಿ ಗುರಾಣಿ ಹಾಕಿಕೊಂಡೆ. ಅವನು ಆಟ ನಿಲ್ಲಿಸಿದ. ‘ಅದನ್ನ ತಗಿ. ನಿನಗ ತಿಳಿಯೂದಿಲ್ಲ, ಯಾವಾಗಲೂ ಹಿಂಗ ಮಾಡ್ತಿ’ ಎಂದು ಬರೆದ. ತೆಗೆಯುವವರೆಗೂ ಒಂದು ಹೆಜ್ಜೆ ಮುಂದಿಡಲಿಲ್ಲ. ತೆಗೆದೆ, ಅನುಜಾ. ಮಗಳಷ್ಟು ವಯಸ್ಸಿನವನ ಮುಂದೆ, ಪರದೆಯ ಈಚೆ ಕೂತಿದ್ದರೂ, ಅವನ ಬೂಟನ್ನೇ ಮತ್ತೆ ತೊಟ್ಟೆ.

ಆ ಸಂಜೆ ಕನ್ನಡಕ ಹಾಕಿಕೊಂಡು ಕಡಗದ ಕೆಳಗಿನ ಸಣ್ಣ ಅಕ್ಷರ ಓದಿದೆ. ಜೊತೆಗಾರನಿಗೆ ಬೀಳುವ ಏಟಿನಲ್ಲಿ ಅರ್ಧ ಇದನ್ನು ತೊಟ್ಟವರಿಗೆ ಬೀಳುತ್ತದೆ ಎಂದಿತ್ತು. ಅವನು ಕೊಟ್ಟ ಉಳಿದವನ್ನೂ ಓದಿದೆ. ಒಂದಾದರೂ ನನ್ನನ್ನು ಕಾಯುವಂಥದ್ದಿರಲಿಲ್ಲ. ಎಲ್ಲವೂ ಅವನ ಕತ್ತಿಗೆ ಬಲ ಕೊಡುವಂಥವು. ನಾನು ಯಾಕೆ ಅಷ್ಟು ಸಲ ಸಾಯುತ್ತೇನೆ, ಅವನು ಯಾಕೆ ಸಾಯುವುದಿಲ್ಲ ಎಂದು ಆಗ ತಿಳಿಯಿತು. ನೀನು ಊಟಕ್ಕೆ ಕೂತು ಹೇಳಿದ್ದೂ ಆಗಲೇ ತಿಳಿಯಿತು. ತಾಯಿಗೆ ಮಗಳ ಮಾತು ಸಾಲಲಿಲ್ಲ ನೋಡು, ಕಡಗ ಹೇಳಬೇಕಾಯಿತು.

ಈಗ ಅವನು ವಿಚ್ಛೇದನದ ಕಾಗದಕ್ಕೆ ಸಹಿ ಮಾಡುವುದಿಲ್ಲ ಎನ್ನುತ್ತಿದ್ದಾನಂತೆ. ದಿನಾ ಸಂಜೆ ಅನುಜಾ ನನ್ನ ಜೊತೆ ಆಡುತ್ತಾಳೆ, ನಾನು ಕೊಟ್ಟದ್ದನ್ನು ತೊಡುತ್ತಾಳೆ, ಅವಳಿಗೆ ಬಿಡುವ ಮನಸ್ಸಿಲ್ಲ ಎಂದು ವಕೀಲರಿಗೂ ಹಿರಿಯರಿಗೂ ಹೇಳಿದ್ದಾನಂತೆ. ಆಟದ ಪೆಟ್ಟಿಗೆ ಅವ್ವನ ಮನೆಯಲ್ಲಿದೆ ಎಂದು ನೀನು ಹೇಳಿದರೆ, ಅವ್ವನೇ ಆಡುವುದಿಲ್ಲ ಎಂದಿದ್ದಾಳೆ. ನಿನಗಿದ್ದ ಒಂದೇ ಸಾಕ್ಷಿಯನ್ನು ನಾನೇ ಕಿತ್ತುಕೊಂಡೆ. ನೆನೆದರೆ ಊಟ ಸೇರುವುದಿಲ್ಲ.

ವಕೀಲರ ಹತ್ತಿರ ಯಾವಾಗ ಬರಬೇಕು ಹೇಳು, ನಾನು ಬಂದು ಎಲ್ಲರೆದುರು ಆಡಿದವಳು ನಾನೆಂದು ಹೇಳುತ್ತೇನೆ. ನಿಮ್ಮಪ್ಪನಿಗೂ ಹೇಳಿಯಾಯಿತು. ನೀನು ಆಡ್ತೀಯಾ ಎಂದು ಬೆರಗಾದರು.

ಕ್ಷಮಿಸು ಎಂದು ಕೇಳಲು ಬಾಯಿಲ್ಲ. ಫೋನು ಎತ್ತು, ಸಾಕು.

ನಿನ್ನ
ಅವ್ವ, ಭಾಮಾ

ತಾ. ಕ.: ಕಾಗದ ಮಡಚಿಟ್ಟ ಮೇಲೆ ಮನಸ್ಸು ತಡೆಯಲಿಲ್ಲ, ಆಟ ಹಾಕಿದೆ. ಅವನು ಬಂದ. ‘ನಾನು ಅನುಜಾ ಅಲ್ಲ, ಅವಳವ್ವ’ ಎಂದು ಬರೆದೆ. ತಕ್ಷಣ ಉತ್ತರ ಬಂತು: ‘ಗೊತ್ತದ ಅತ್ತಿ. ಮೊದಲನೇ ದಿನಾನ ಗೊತ್ತಾತು. ಆಕಿ ಆಗಿದ್ರ ಆ ಕಡಗಾ ನನ್ನ ಮ್ಯಾಲೆ ಒಗೀತಿದ್ಲು. ನೀವು ಛಲೋ ಆಡ್ತೀರಿ. ಆಕಿಗೂ ಸ್ವಲ್ಪ ತಿಳಿಸಿ ಹೇಳ್ರಿ.’ ಪರದೆಯ ಫೋಟೊ ತೆಗೆದು ನಿನ್ನ ಫೋನಿಗೆ ಕಳಿಸಿದ್ದೇನೆ, ತೆರೆದು ನೋಡು, ವಕೀಲರಿಗೆ ತೋರಿಸು. ನಿನ್ನ ಹುಡುಗಿಗೆ ಅವಳ ಎರಡು ಚೂರಿ, ತೆಳು ಅಂಗಿ ಮತ್ತೆ ತೊಡಿಸಿಟ್ಟಿದ್ದೇನೆ. ಕಡಗವನ್ನು ಕರಗಿಸಲು ಹೋಗಿ ಕೈ ಹಿಂದೆ ತೆಗೆದೆ. ಅದನ್ನು ಏನು ಮಾಡಬೇಕು ಎಂಬುದನ್ನೂ ನಾನೇ ತೀರ್ಮಾನಿಸುವುದು ಬೇಡ. ನೀನೇ ಬಂದು ಮಾಡು.